ಪರಾನಾದ ಕರಿಹಿಮ

ನಮ್ಮ ಕನ್ನಡದಲ್ಲಿ ಮಂಜಿಗೊಂದು ಹೆಸರು, ಇಬ್ಬನಿಗೊಂದು ಹೆಸರು ಉಂಟು. ಆದರೆ ಆಕಾಶದಿಂದ ಅರಳೆಯಂತೆ ಉದುರುವ ಹಿಮವನ್ನೂ, ಚಳಿಯ ರಾತ್ರಿಯಲ್ಲಿ ಹುಲ್ಲಿನ ಮೇಲೆಯೂ ಎಲೆಯ ಮೇಲೆಯೂ ಸದ್ದಿಲ್ಲದೆ ಹೆಪ್ಪುಗಟ್ಟುವ ಹಿಮವನ್ನೂ ನಾವು ಒಂದೇ ಮಾತಿನಿಂದ ಕರೆಯುತ್ತೇವೆ. ಎರಡನ್ನೂ ಕಾಣದ ನಾಡಿಗೆ ಎರಡು ಹೆಸರುಗಳ ಅವಶ್ಯಕತೆ ಒದಗಿ ಬರಲಿಲ್ಲ. ದಕ್ಷಿಣ ಬ್ರೆಜಿಲ್‌ನ ಪರಾನಾ ಪ್ರಾಂತದ ಕಾಫಿ ಬೆಳೆಗಾರನಾದರೋ ಮೂರನ್ನು ಬೇರೆಬೇರೆಯಾಗಿ ಬಲ್ಲವನು: ಆಕಾಶದಿಂದ ಬೀಳುವ ಹಿಮ ಒಂದು, ಇಬ್ಬನಿಯೇ ಹರಳುಗಟ್ಟಿ ತೋಟವನ್ನು ಬೆಳ್ಳಗೆ ಮಾಡುವ ಬಿಳಿಹಿಮ ಇನ್ನೊಂದು, ಗಾಳಿಯಲ್ಲಿ ಹರಳುಗಟ್ಟಲು ಬೇಕಾದಷ್ಟು ತೇವವೂ ಇಲ್ಲದೆ, ಮೇಲೆ ಯಾವ ಬಿಳುಪನ್ನೂ ತೋರಿಸದೆ, ಗಿಡದ ಒಳಗಿನ ರಸವನ್ನೇ ಹೆಪ್ಪುಗಟ್ಟಿಸಿ ಅದನ್ನು ಸುಟ್ಟಂತೆ ಕರಿದಾಗಿಸುವ ಕರಿಹಿಮ ಮೂರನೆಯದು. ಅವರ ಪೋರ್ಚುಗೀಸ್ ನುಡಿಯಲ್ಲಿ ಈ ಮೂರನೆಯದಕ್ಕೆ ‘ಜಿಯಾದಾ ನೆಗ್ರಾ’ ಎಂದು ಹೆಸರು. ಆ ನಾಡಿನ ವೃದ್ಧರೆದುರು ಈ ಎರಡು ಶಬ್ದಗಳನ್ನು ಉಚ್ಚರಿಸಿದರೆ ಯಾವ ವರ್ಷದ ಮಾತೆಂದು ಅವರು ಕೇಳುವುದಿಲ್ಲ. ಅದು 1975ನೆಯ ಇಸವಿಯೇ ಸರಿ.

ಆ ವರ್ಷದ ಜುಲೈ 17, ಗುರುವಾರ. ದಕ್ಷಿಣಾರ್ಧಗೋಳದಲ್ಲಿ ಜುಲೈ ಎಂದರೆ ನಡುಚಳಿಗಾಲ. ಅಂದು ಪರಾನಾದ ರಾಜಧಾನಿಯಾದ ಕುರಿಟೀಬಾ ನಗರದ ಮೇಲೆ ಹಿಮ ಬಿದ್ದಿತು. ಅದಕ್ಕೆ ಮುಂಚೆ ಆ ಊರು ಅಂಥ ದಟ್ಟವಾದ ಹಿಮವನ್ನು ಕಂಡದ್ದು 1928ರಲ್ಲಿ. ಆದುದರಿಂದ ಐವತ್ತು ವರ್ಷದೊಳಗಿನವರಲ್ಲಿ ಬಹುಮಂದಿಗೆ ಅದು ಜೀವಮಾನದ ಮೊದಲ ದರ್ಶನವಾಗಿದ್ದಿತು. ಜನ ಬೀದಿಗಿಳಿದರು, ಮಕ್ಕಳು ಅಂಗೈಯೊಡ್ಡಿ ಹಿಡಿದರು, ನಿಂತ ಮೋಟಾರುಗಾಡಿಗಳ ಮೇಲೆ ಕಲೆತ ಹಿಮವನ್ನು ಒಟ್ಟುಗೂಡಿಸಿ ಪುಟ್ಟಪುಟ್ಟ ಗೊಂಬೆಗಳನ್ನು ನಿಲ್ಲಿಸಿದರು, ಬಿಳಿದಾದ ಚೌಕಗಳಲ್ಲಿ ಸಂಸಾರಸಮೇತರಾಗಿ ನಿಂತು ಚಿತ್ರ ತೆಗೆಸಿಕೊಂಡರು. ಕುರಿಟೀಬಾದ ಮಟ್ಟಿಗೆ ಅದು ಹಬ್ಬದ ದಿನ; ಆ ಸಂತೋಷವನ್ನು ಈಗ ಹಳಿಯುವುದು ನ್ಯಾಯವಲ್ಲ, ಏಕೆಂದರೆ ಅದೇ ಶೀತ ಆ ರಾತ್ರಿ ಉತ್ತರಕ್ಕೆ ಸಾಗಿ ಮಾಡಲಿದ್ದುದನ್ನು ಬೀದಿಯಲ್ಲಿ ನಕ್ಕ ಮಕ್ಕಳು ಅರಿಯುವಂತಿರಲಿಲ್ಲ.

ಉಷ್ಣವಲಯದ ಅಂಚಿಗೆ ಇಂಥ ಶೀತ ಹೇಗೆ ಬರುತ್ತದೆಂಬುದನ್ನು ತಿಳಿಯಲು ನಮ್ಮ ದೇಶದ ಭೂಪಟವನ್ನೇ ಒಮ್ಮೆ ನೆನೆಯಬೇಕು. ಉತ್ತರ ಏಷ್ಯದ ಕಡುಚಳಿಯ ಗಾಳಿಗೆ ಹಿಮಾಲಯವು ಪೂರ್ವಪಶ್ಚಿಮವಾಗಿ ಅಡ್ಡಗೋಡೆಯಂತೆ ನಿಂತಿರುವುದರಿಂದ ದಕ್ಷಿಣದ ನಾವು ಬೆಚ್ಚಗಿದ್ದೇವೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯಾದರೋ ಉತ್ತರದಕ್ಷಿಣವಾಗಿ ಹಬ್ಬಿದೆ. ಧ್ರುವದ ಕಡೆಯಿಂದ ಹೊರಟ ಶೀತಲ ವಾಯುರಾಶಿಯನ್ನು ಅದು ತಡೆಯುವುದಿಲ್ಲ. ತನ್ನ ಪೂರ್ವದ ಬಯಲುಗಳಲ್ಲಿ ಕಾಲುವೆಯಲ್ಲಿ ನೀರು ಹರಿಯುವಂತೆ ಆ ವಾಯುರಾಶಿ ಉತ್ತರಕ್ಕೆ ಹರಿದುಹೋಗಲು ದಾರಿ ಬಿಟ್ಟಿದೆ. ಮಕರಸಂಕ್ರಾಂತಿ ವೃತ್ತವು ಉತ್ತರ ಪರಾನಾದ ಮೇಲೆಯೇ ಹಾಯುತ್ತದೆ. ಅದರ ಕಾಫಿ ಪಟ್ಟಣಗಳಾದ ಲೊಂಡ್ರಿನಾ ಮತ್ತು ಮರಿಂಗಾ ಆ ರೇಖೆಯ ಮಗ್ಗುಲಲ್ಲೇ ಇವೆ. ಚಿಕ್ಕಮಗಳೂರು ಸಮಭಾಜಕವೃತ್ತದಿಂದ ಹದಿಮೂರು ಅಂಶ ದೂರದಲ್ಲಿದ್ದರೆ ಅವು ಇಪ್ಪತ್ತಮೂರು ಅಂಶ ದೂರದಲ್ಲಿವೆ. ಕಾಫಿ ಗಿಡ ತಾಳಬಲ್ಲ ಸೀಮೆಯ ಕಟ್ಟಕಡೆಯ ಅಂಚು ಅದು. ಆ ಅಂಚಿನ ಮೇಲೆ ಮನುಷ್ಯರು ಜಗತ್ತಿನ ಅತಿ ವಿಸ್ತಾರವಾದ ತೋಟಗಳಲ್ಲೊಂದನ್ನು ಬೆಳೆಸಿದ್ದರು.

ಅವರು ಅಲ್ಲಿಗೆ ಬಂದ ಕಥೆಯ ಆರಂಭದಲ್ಲಿ ನಮಗೆ ಪರಿಚಿತವಾದ ಹೆಸರೊಂದು ಎದುರಾಗುತ್ತದೆ. ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆಗಳೆಂದು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಓದುತ್ತೇವಲ್ಲವೇ, ಆ ಎಡ್ವಿನ್ ಮಾಂಟೆಗುವೇ ಭಾರತ ಮಂತ್ರಿಯ ಪದವಿಯನ್ನು ಬಿಟ್ಟ ತರುವಾಯ, 1924ರ ಸುಮಾರಿಗೆ, ಬ್ರೆಜಿಲ್‌ನ ಹಣಕಾಸನ್ನು ಪರಿಶೀಲಿಸಲು ಹೋದ ಇಂಗ್ಲಿಷ್ ನಿಯೋಗಕ್ಕೆ ಮುಖ್ಯನಾಗಿದ್ದನು. ಆ ನಿಯೋಗದೊಡನೆ ಹೋದ ಲಾರ್ಡ್ ಲೊವಟ್ ಎಂಬಾತನು ಉತ್ತರ ಪರಾನಾದ ದಟ್ಟವಾದ ಕಾಡನ್ನೂ ಅದರ ಕೆಳಗಿನ ರಕ್ತವರ್ಣದ ಮಣ್ಣನ್ನೂ ಕಂಡು ಬೆರಗಾಗಿ ಅಲ್ಲಿ ಭೂಮಿಯನ್ನು ಕೊಳ್ಳುವ ಯೋಜನೆ ಹಾಕಿದನು. ಹಾಗೆ ಹುಟ್ಟಿದ ಭೂಸಂಸ್ಥೆಯು 1929ರಲ್ಲಿ ಕಾಡಿನ ನಡುವೆ ಕಟ್ಟಲಾರಂಭಿಸಿದ ಊರಿಗೆ ‘ಪುಟ್ಟ ಲಂಡನ್’ ಎಂಬರ್ಥದಲ್ಲಿ ಲೊಂಡ್ರಿನಾ ಎಂಬ ಹೆಸರು ಬಂದಿತು. ಮರಿಂಗಾ 1947ರಲ್ಲಿ ಸ್ಥಾಪನೆಯಾಯಿತು. ಮಿನಾಸ್ ಜೆರೈಸ್‌ನ ಬಡರೈತರು, ಬರಗಾಲದಿಂದ ಓಡಿಬಂದ ಈಶಾನ್ಯ ಬ್ರೆಜಿಲ್ಲಿನವರು, ಇಟಲಿ, ಜರ್ಮನಿ ಮತ್ತು ಜಪಾನುಗಳಿಂದ ಬಂದವರು, ಅವರ ಮಕ್ಕಳು, ಎಲ್ಲರೂ ಅಲ್ಲಿ ಕಂತಿನ ಮೇಲೆ ಜಮೀನು ಪಡೆದರು. ಆ ಜಮೀನುಗಳನ್ನು ಅಳೆದು ಹಂಚಿದ ಕ್ರಮವನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕಾಗಿದೆ. ದಿಬ್ಬದ ನೆತ್ತಿಯ ಮೇಲೆ ರಸ್ತೆ; ಕೆಳಗೆ ಕಣಿವೆಯಲ್ಲಿ ಹಳ್ಳ; ಪ್ರತಿಯೊಂದು ಹಿಡುವಳಿಯೂ ರಸ್ತೆಯಿಂದ ಹಳ್ಳದವರೆಗೆ ಇಳಿಯುವ ಉದ್ದನೆಯ ಪಟ್ಟಿ. ಮೇಲಿನ ಭಾಗದಲ್ಲಿ ಕಾಫಿ; ಕೆಳಗೆ ನೀರಿನ ಬಳಿಯಲ್ಲಿ ಮನೆ, ಹಿತ್ತಲು, ಹಂದಿ ಕೋಳಿ, ದನದ ಹುಲ್ಲುಗಾವಲು. ನೀರಿಗಾಗಿಯೂ ದಾರಿಗಾಗಿಯೂ ಮಾಡಿದ ಈ ವಿಭಾಗ ಶೀತದ ವಿಷಯದಲ್ಲಿಯೂ ವಿವೇಕದ್ದಾಗಿದ್ದಿತು. ತಂಪಾದ ಗಾಳಿ ಭಾರವಾದುದು. ರಾತ್ರಿಯಲ್ಲಿ ಅದು ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ಮಡುಗಟ್ಟುತ್ತದೆ. ಸಾಧಾರಣ ಹಿಮದ ರಾತ್ರಿಗಳಲ್ಲಿ ಹುಲ್ಲುಗಾವಲು ಬೆಳ್ಳಗಾಗುತ್ತಿತ್ತು, ದಿಬ್ಬದ ಕಾಫಿ ಉಳಿಯುತ್ತಿತ್ತು.

ಈ ಕೆಂಪು ನೆಲದ ಫಲವತ್ತತೆ ಎಷ್ಟೆಂದರೆ, ಕಾಡನ್ನು ಕಡಿದು ಮೂರು ದಶಕ ಕಳೆಯುವಷ್ಟರಲ್ಲಿ, 1960ರ ಸುಮಾರಿಗೆ, ಪರಾನಾ ಪ್ರಾಂತವು ನೂರು ವರ್ಷಗಳ ಕಾಫಿ ಪರಂಪರೆಯ ಸಾವೊ ಪೌಲೊವನ್ನು ಹಿಂದಿಕ್ಕಿ ಬ್ರೆಜಿಲ್‌ನಲ್ಲಿ ಮೊದಲನೆಯದಾಯಿತು. ಲೊಂಡ್ರಿನಾ ತನ್ನನ್ನು ಜಗತ್ತಿನ ಕಾಫಿ ರಾಜಧಾನಿಯೆಂದು ಕರೆದುಕೊಂಡಿತು.

ಹಿಮವೆಂದರೇನೆಂದು ಅಲ್ಲಿಯವರಿಗೆ ತಿಳಿದಿರಲಿಲ್ಲವೆಂದು ಯಾರೂ ಭಾವಿಸಬಾರದು. 1953ರಲ್ಲಿ, 1955ರಲ್ಲಿ, 1963ರಲ್ಲಿ, 1969ರಲ್ಲಿ ಅದು ಬಂದು ಹೋಗಿದ್ದಿತು. 1963ರಲ್ಲಂತೂ ಹಿಮದಿಂದ ಒಣಗಿದ ನೆಲಕ್ಕೆ ಬರಗಾಲವೂ ಸೇರಿ, ತೋಟಗಳನ್ನೂ ಕಾಡನ್ನೂ ಕಾಳ್ಗಿಚ್ಚು ನುಂಗಿತ್ತು. ಪ್ರತಿಯೊಂದು ಪೆಟ್ಟಿನಿಂದಲೂ ಅವರು ಏನನ್ನಾದರೂ ಕಲಿತಿದ್ದರು. ಚಳಿಗಾಲಕ್ಕೆ ಮುಂಚೆ ಎಳೆಯ ಗಿಡಗಳ ಬುಡಕ್ಕೆ ಮಣ್ಣೇರಿಸಿ ಕಾಂಡವನ್ನು ಮುಚ್ಚುವುದು, ಚಳಿ ಕಳೆದ ಮೇಲೆ ಅದನ್ನು ಬಿಡಿಸುವುದು. ತೀರ ಎಳೆಯ ಸಸಿಗಳನ್ನು ಮಣ್ಣಿನಲ್ಲಿ ಪೂರ್ತಿಯಾಗಿಯೇ ಹುದುಗಿಸಿ ಅಪಾಯ ಕಳೆದ ಬಳಿಕ ಕೈಯಿಂದ ಬಿಡಿಸಿ ತೆಗೆಯುವುದು. ಗಾಳಿ ನಿಂತ ರಾತ್ರಿಗಳಲ್ಲಿ ಮರದ ಹೊಟ್ಟನ್ನೂ ಎಣ್ಣೆಯನ್ನೂ ಹೊಗೆಯಾಡಿಸಿ, ನೆಲದ ಶಾಖ ಆಕಾಶಕ್ಕೆ ಹಾರಿಹೋಗದಂತೆ ತೋಟದ ಮೇಲೆ ಹೊಗೆಯ ಹೊದಿಕೆಯನ್ನು ಹೊದಿಸುವುದು. ಎಲ್ಲವೂ ಕೈಮೀರಿದರೆ ಗಿಡವನ್ನು ಬುಡದ ಹತ್ತಿರ ಕತ್ತರಿಸಿ ಮೋಟಿನಿಂದ ಹೊಸ ಚಿಗುರನ್ನು ಎಬ್ಬಿಸುವುದು. ಇವೆಲ್ಲ ಮೂಢೋಪಾಯಗಳಲ್ಲ; ಸಸ್ಯಶಾಸ್ತ್ರವೂ ಭೌತಶಾಸ್ತ್ರವೂ ಒಪ್ಪುವ ಕ್ರಮಗಳು. ಒಂದು ಕ್ರಮವನ್ನು ಮಾತ್ರ ಅವರು ಕೈಗೊಂಡಿರಲಿಲ್ಲ. ನಮ್ಮ ಕೊಡಗು ಮಲೆನಾಡುಗಳಲ್ಲಿ ಕಾಫಿ ಗಿಡ ಹಾಲುವಾಣದ ಮತ್ತು ಕಾಡುಮರಗಳ ನೆರಳಿನಲ್ಲಿ ಬೆಳೆಯುತ್ತದೆ; ಹಗಲಿನ ಬಿಸಿಲನ್ನು ತಡೆಯುವ ಆ ಕೊಂಬೆಗಳೇ ರಾತ್ರಿ ನೆಲದ ಶಾಖವನ್ನು ಹಿಡಿದಿಡುತ್ತವೆ. ಪರಾನಾದ ಕಾಫಿ ತಲೆಯ ಮೇಲೆ ಒಂದು ಮರವೂ ಇಲ್ಲದೆ ಬಟ್ಟಬಯಲಿನಲ್ಲಿ, ದಿಗಂತದವರೆಗೆ ಸಾಲುಸಾಲಾಗಿ ನಿಂತಿತ್ತು. ಹೆಚ್ಚಿನ ಫಸಲಿನ ಆಸೆ ಅದಕ್ಕೆ ಕಾರಣ. 1975ರಂಥ ಶೀತವನ್ನು ನೆರಳು ಪೂರ್ತಿಯಾಗಿ ತಡೆಯುತ್ತಿತ್ತೆಂದು ನಾನು ಹೇಳಲಾರೆ. ಕಾಡನ್ನು ಅಷ್ಟು ನಿಶ್ಶೇಷವಾಗಿ ಕಡಿದದ್ದು ತಪ್ಪೆಂದು ಮಾತ್ರ ಹೇಳಬಲ್ಲೆ.

ಜುಲೈ 17ರ ರಾತ್ರಿ ಉರುಳಿ 18ರ ಬೆಳಗಾಗುವಷ್ಟರಲ್ಲಿ ಈ ಉಪಾಯಗಳೆಲ್ಲ ಸೋತಿದ್ದವು. ಕಾಫಿಯ ಎಲೆಯ ತಾಪ ಶೂನ್ಯಕ್ಕಿಂತ ಮೂರು ನಾಲ್ಕು ಅಂಶ ಕೆಳಗಿಳಿದರೆ ಅದರ ಜೀವಕೋಶಗಳು ಸಾಯುತ್ತವೆ. ಬಯಲಿನ ರಾತ್ರಿಯಲ್ಲಿ ಎಲೆಯು ಅದರ ಸುತ್ತಲಿನ ಗಾಳಿಗಿಂತಲೂ ಎಷ್ಟೋ ಹೆಚ್ಚು ತಣ್ಣಗಾಗುತ್ತದೆ. ಜೀವಕೋಶಗಳ ನಡುವಿನ ನೀರು ಮೊದಲು ಹೆಪ್ಪುಗಟ್ಟುತ್ತದೆ. ಆ ಹರಳುಗಳು ಒಳಗಿನ ನೀರನ್ನು ಹೊರಕ್ಕೆ ಸೆಳೆದು ತಾವು ಬೆಳೆಯುತ್ತವೆ. ಕೋಶ ಒಣಗಿ ಹರಿದುಹೋಗುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ಆದರೆ ಅದು ಆರೋಗ್ಯದ ಹಸಿರಲ್ಲ. ಬಿಸಿನೀರಿನಿಂದ ಆಗತಾನೇ ತೆಗೆದ ಬಸಳೆಯ ಎಲೆಯಂತೆ ಕಪ್ಪುಮಿಶ್ರಿತವಾಗಿ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಂತೆ ನೀರುನೀರಾಗಿ, ಜೋಲುಬಿದ್ದಿರುತ್ತದೆ. ಬಿಸಿಲು ಏರುತ್ತಿದ್ದಂತೆ ಅದು ಕಂದಾಗಿ, ಬಳಿಕ ಕಪ್ಪಾಗಿ, ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಅಂದು ಬೆಳಿಗ್ಗೆ ಕೆಳಗಿನ ಹುಲ್ಲುಗಾವಲಿಗೂ ಮೇಲಿನ ದಿಬ್ಬಕ್ಕೂ ಭೇದವುಳಿಯಲಿಲ್ಲ. ನಲವತ್ತು ವರ್ಷಗಳಿಂದ ರೈತನನ್ನು ಕಾಪಾಡಿಕೊಂಡು ಬಂದಿದ್ದ ಆ ಉದ್ದನೆಯ ಪಟ್ಟಿಯ ವಿವೇಕ ಒಂದೇ ರಾತ್ರಿಯಲ್ಲಿ ನಿರರ್ಥಕವಾಯಿತು. ಎಲೆ ಮಾತ್ರವೇ ಸತ್ತಿದ್ದರೆ ಗಿಡ ಮತ್ತೆ ಚಿಗುರುತ್ತಿತ್ತು. ಈ ಸಲ ಅನೇಕ ತೋಟಗಳಲ್ಲಿ ಕಾಂಡದ ತೊಗಟೆಯೊಳಗಿನ ರಸವೂ ಹೆಪ್ಪುಗಟ್ಟಿತ್ತು.

ಲೆಕ್ಕ ಹೇಳುವುದಾದರೆ ಎರಡೇ ಅಂಕಿಗಳು ಸಾಕು. ಆ ವರ್ಷದ ಫಸಲಿನ ಬಹುಭಾಗ ಆಗಲೇ ಕಣಕ್ಕೋ ಗೋದಾಮಿಗೋ ಸೇರಿದ್ದುದರಿಂದ 1975ರಲ್ಲಿ ಪರಾನಾದ ಉತ್ಪನ್ನ ಅರವತ್ತು ಕಿಲೋಗ್ರಾಮಿನ ಸುಮಾರು 1 ಕೋಟಿ 2 ಲಕ್ಷ ಚೀಲಗಳಾಗಿದ್ದಿತು. ಬ್ರೆಜಿಲ್‌ನ ಕಾಫಿಯಲ್ಲಿ ಅದು ಹತ್ತಿರಹತ್ತಿರ ಅರ್ಧಪಾಲು. ಮರುವರ್ಷ ದೊರೆತುದು 3,800 ಚೀಲ.

ಆದರೆ ಚೀಲಗಳ ಲೆಕ್ಕದಲ್ಲಿ ಮನುಷ್ಯರ ಲೆಕ್ಕ ಸೇರುವುದಿಲ್ಲ. ಕಾಫಿಯ ಕೆಲಸವೆಂದರೆ ಕೈಕೆಲಸ. ಕಳೆ ಕೀಳುವುದರಿಂದ ಹಿಡಿದು ಕುಯ್ಲು, ಜರಡಿಯಾಡಿಸುವುದು, ಕಣದಲ್ಲಿ ಒಣಗಿಸುವುದರವರೆಗೆ ಸಂಸಾರಕ್ಕೆ ಸಂಸಾರವೇ ದುಡಿಯುವ ಬಾಳುವೆ. ತೋಟದಲ್ಲಿಯೇ ವಾಸಿಸುವ ಕುಟುಂಬಕ್ಕೆ ಇಂತಿಷ್ಟು ಸಾವಿರ ಗಿಡಗಳ ಪಾಲನೆ ಒಪ್ಪಿತವಾಗಿರುತ್ತಿತ್ತು. ಆ ಗಿಡಗಳ ಸಾಲುಗಳ ನಡುವೆ ಹುರುಳಿಕಾಯಿಯ ಕಾಳು, ಮುಸುಕಿನ ಜೋಳ, ಭತ್ತಗಳನ್ನು ತನಗಾಗಿ ಬೆಳೆದುಕೊಳ್ಳುವ ಹಕ್ಕು ಅದಕ್ಕೆ ಇರುತ್ತಿತ್ತು. ಕೂಲಿಗಿಂತಲೂ ಆ ಸಾಲಿನ ನಡುವಣ ನೆಲವೇ ಅವರ ಅನ್ನದ ಮೂಲ. ಕಾಫಿಯನ್ನು ಕಿತ್ತಾಗ ಆ ನೆಲವೂ ಹೋಯಿತು. ಹೊಸದಾಗಿ ಕಾಫಿ ನೆಟ್ಟರೆ ಫಲ ಕಾಣಲು ಮೂರು ನಾಲ್ಕು ವರ್ಷ ಬೇಕು. ಸೋಯಾ ಬಿತ್ತಿದರೆ ಕೆಲವೇ ತಿಂಗಳಲ್ಲಿ ಹಣ. ಸೋಯಾ, ಗೋಧಿಗಳಿಗೆ ಸರ್ಕಾರದ ಸಾಲವೂ ಸುಲಭವಾಗಿ ಒದಗುತ್ತಿತ್ತು. ಅವುಗಳಿಗೆ ಒಂದು ಟ್ರ್ಯಾಕ್ಟರೂ ಒಂದಿಬ್ಬರು ಆಳುಗಳೂ ಸಾಕು. ಈ ಬದಲಾವಣೆ ಹಿಮಕ್ಕೆ ಮುಂಚೆಯೇ ಮೊದಲಾಗಿತ್ತೆಂಬುದು ನಿಜ. 1960ರ ದಶಕದಲ್ಲಿ ಕಾಫಿ ಮಿತಿಮೀರಿ ಬೆಳೆದು ಬೆಲೆ ಕುಸಿದಾಗ ಸರ್ಕಾರವೇ ಹಣ ಕೊಟ್ಟು ಗಿಡಗಳನ್ನು ಕೀಳಿಸಿತ್ತು. 1963ರ ಕಾನೂನು ತೋಟದೊಳಗೆ ವಾಸಿಸುವ ಕೂಲಿಗಾರರಿಗೆ ಕೊಟ್ಟ ಹಕ್ಕುಗಳಿಗೆ ಅಂಜಿ ಅನೇಕ ಒಡೆಯರು ಅವರನ್ನು ಹೊರಗೆ ಕಳಿಸಲಾರಂಭಿಸಿದ್ದರು. ಆದರೆ ಇಪ್ಪತ್ತು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಆಗಬಹುದಾಗಿದ್ದುದನ್ನು, ನಡುವೆ ಜನ ಹೇಗಾದರೂ ಹೊಂದಿಕೊಳ್ಳಬಹುದಾಗಿದ್ದುದನ್ನು, ಆ ರಾತ್ರಿ ಒಂದೆರಡು ವರ್ಷಗಳಿಗೆ ಇಳಿಸಿಬಿಟ್ಟಿತು.

1970ರ ಜನಗಣತಿಯಲ್ಲಿ ಪರಾನಾದ ಹಳ್ಳಿಗಾಡಿನ ಜನಸಂಖ್ಯೆ 44 ಲಕ್ಷವಿದ್ದುದು 1980ರಲ್ಲಿ 31 ಲಕ್ಷದ ಸುಮಾರಿಗೆ ಇಳಿದಿತ್ತು. ಹುಟ್ಟಿದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದರೆ ಹೊರಟುಹೋದವರ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ಕೆಲವರು ಸಾವೊ ಪೌಲೊ ಮತ್ತು ಕುರಿಟೀಬಾಗಳ ಹೊರವಲಯಗಳಿಗೆ ಹೋದರು. ಕೆಲವರು ಗಡಿ ದಾಟಿ ಪರಾಗ್ವೆಗೆ. ಇನ್ನು ಕೆಲವರು ಸಾವಿರಾರು ಕಿಲೋಮೀಟರು ಉತ್ತರಕ್ಕೆ ಮಾಟೊ ಗ್ರೊಸೊ, ರೊಂಡೋನಿಯಾಗಳ ಕಾಡಿಗೆ. ತಮ್ಮ ತಂದೆತಾಯಂದಿರು ಪರಾನಾದಲ್ಲಿ ಕಡಿದಂತೆಯೇ ಅವರು ಅಲ್ಲಿ ಅಮೆಜಾನಿನ ಅಂಚನ್ನು ಕಡಿದರು. ಎಲ್ಲಿಗೂ ಹೋಗಲಾರದವರು ಲೊಂಡ್ರಿನಾ ಮರಿಂಗಾಗಳ ಅಂಚಿನ ಗುಡಿಸಲುಗಳಲ್ಲಿ ನೆಲೆಸಿ, ನಸುಕಿನಲ್ಲಿ ಲಾರಿಯ ಹಿಂಭಾಗವನ್ನೇರಿ, ಒಂದು ದಿನ ಹತ್ತಿಯ ಹೊಲಕ್ಕೆ, ಒಂದು ದಿನ ಕಬ್ಬಿನ ಗದ್ದೆಗೆ ದಿನಗೂಲಿಗಾಗಿ ಹೋಗತೊಡಗಿದರು. ಅವರನ್ನು ಆ ದೇಶದಲ್ಲಿ ‘ಬೋಯಾ ಫ್ರಿಯಾ’ ಎನ್ನುತ್ತಾರೆ. ತಣ್ಣನೆಯ ಊಟ ಎಂದು ಅದರ ಅರ್ಥ. ಹಳ್ಳದ ದಂಡೆಯ ಮನೆಯಲ್ಲಿದ್ದಾಗ ಮಧ್ಯಾಹ್ನ ಒಲೆಯ ಮೇಲಿನ ಬಿಸಿ ಅನ್ನವನ್ನು ಉಣ್ಣುತ್ತಿದ್ದವರು ಈಗ ಬೆಳಗಿನ ಜಾವ ಕಟ್ಟಿಕೊಂಡ ಬುತ್ತಿಯನ್ನು ಯಾರದೋ ಹೊಲದ ಬದುವಿನಲ್ಲಿ ತಣ್ಣಗೆ ಉಣ್ಣಬೇಕಾಯಿತು. ಆ ಹಿಮದ ಪರಿಣಾಮವನ್ನು ಹೇಳಲು ನನಗೆ ಇದಕ್ಕಿಂತ ನೇರವಾದ ಮಾತು ಬೇರೆ ಸಿಕ್ಕುವುದಿಲ್ಲ.

ಪೇಟೆಯಲ್ಲಿ ಆದುದು ಬೇರೆ ಬಗೆಯದು. ನ್ಯೂಯಾರ್ಕಿನಲ್ಲಿ ಹಿಮಕ್ಕೆ ಮುಂಚೆ ಪೌಂಡಿಗೆ ಐವತ್ತು ಅರವತ್ತು ಸೆಂಟುಗಳಲ್ಲಿದ್ದ ಕಾಫಿಯ ಧಾರಣೆ, ಅಂಗೋಲದ ಅಂತರ್ಯುದ್ಧವೇ ಮೊದಲಾದ ಬೇರೆ ಕಾರಣಗಳೂ ಕೂಡಿಕೊಂಡು, 1977ರ ಏಪ್ರಿಲ್‌ನಲ್ಲಿ ಮೂರು ಡಾಲರುಗಳನ್ನು ಮೀರಿತು. ಅಮೆರಿಕದ ಗೃಹಿಣಿಯರು ಕಾಫಿ ಕೊಳ್ಳುವುದನ್ನು ಬಹಿಷ್ಕರಿಸುವ ಮಾತಾಡಿದರು. ಪೂರ್ವ ಜರ್ಮನಿಯಲ್ಲಿ ವಿದೇಶೀ ವಿನಿಮಯವನ್ನು ಉಳಿಸಲು ಸರ್ಕಾರ ಅರ್ಧದಷ್ಟು ಮಾತ್ರವೇ ಕಾಫಿಯುಳ್ಳ ಮಿಶ್ರಣವೊಂದನ್ನು ಹೊರಡಿಸಿತು. ಜನ ಅದನ್ನು ಬಾಯಿಗಿಡಲೊಪ್ಪದೆ ರೇಗಿದರು. ಆಗ ಆ ದೇಶ ಕಾಫಿಗಾಗಿ ವಿಯೆಟ್ನಾಮಿನ ಕಡೆಗೆ ತಿರುಗಿ, ಅಲ್ಲಿಯ ಎತ್ತರದ ಪ್ರದೇಶಗಳಲ್ಲಿ ತೋಟಗಳನ್ನೆಬ್ಬಿಸಲು 1980ರಲ್ಲಿ ಒಪ್ಪಂದ ಮಾಡಿಕೊಂಡಿತು. ಆ ಗಿಡಗಳು ಪೂರ್ಣಫಲಕ್ಕೆ ಬರುವ ವೇಳೆಗೆ ಪೂರ್ವ ಜರ್ಮನಿಯೇ ಉಳಿದಿರಲಿಲ್ಲ. ವಿಯೆಟ್ನಾಮಾದರೋ ಇಂದು ಬ್ರೆಜಿಲ್‌ನ ನಂತರ ಜಗತ್ತಿನ ಎರಡನೆಯ ಕಾಫಿ ದೇಶ. ನಮ್ಮ ರೊಬಸ್ಟಾ ಬೆಳೆಗಾರನು ಈಗ ಅದರೊಡನೆಯೇ ಪೈಪೋಟಿ ನಡೆಸಬೇಕಾಗಿದೆ.

ನಮ್ಮಲ್ಲಿಗೂ ಆ ಹಿಮದ ಫಲ ಬಂದು ಮುಟ್ಟಿತು. ಭಾರತದ ಕಾಫಿಯಲ್ಲಿ ಬಹುಪಾಲು ಕರ್ನಾಟಕದ್ದು. ಆಗ 1942ರ ಕಾಯಿದೆಯಂತೆ ಬೆಳೆಗಾರನು ತನ್ನ ಫಸಲನ್ನು ಬೆಂಗಳೂರಿನ ಕಾಫಿ ಮಂಡಳಿಯ ‘ಪೂಲ್’ ಎಂಬ ಒಟ್ಟು ಸಂಗ್ರಹಕ್ಕೆ ಒಪ್ಪಿಸಿ ಹಣವನ್ನು ಕಂತುಕಂತಾಗಿ ಪಡೆಯುತ್ತಿದ್ದನು. ಆದುದರಿಂದ ಹೊರದೇಶದ ಧಾರಣೆ ಏರಿದಷ್ಟು ವೇಗದಲ್ಲಿ ಅವನ ಕೈಗೆ ಹಣ ಬರಲಿಲ್ಲವಾದರೂ, ಬಂದಿತು. 1994ರ ಜೂನ್ ಜುಲೈಗಳಲ್ಲಿ ಬ್ರೆಜಿಲ್‌ನಲ್ಲಿ ಮತ್ತೆ ಎರಡು ಸಲ ತೋಟಗಳು ಹೆಪ್ಪುಗಟ್ಟಿದಾಗ ಪೂಲಿನ ಕಟ್ಟು ಸಡಿಲವಾಗುತ್ತಾ ಬಂದಿತ್ತು; 1996ರ ವೇಳೆಗೆ ಅದು ಪೂರ್ತಿಯಾಗಿ ಕಳಚಿತು. ಆ ಸಲದ ಏರುಬೆಲೆ ಬೆಳೆಗಾರನಿಗೆ ನೇರವಾಗಿಯೇ ತಲಪಿತು. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಗಳಲ್ಲಿ ಮುಂಗಾರಿನ ಮಳೆಯ ನಡುವೆ ಕುಳಿತು, ಭೂಮಿಯ ಆಚೆಯ ಬದಿಯಲ್ಲಿ ಚಳಿ ಎಷ್ಟಿದೆಯೆಂದು ವಿಚಾರಿಸುವ ಪದ್ಧತಿ ನಮ್ಮ ತೋಟಗಾರರಲ್ಲಿ ಇಂದಿಗೂ ಇದೆ. ಅದರಲ್ಲಿ ಪಾಪವೇನೂ ಇಲ್ಲ. ಬೆಲೆಯನ್ನು ವಿಚಾರಿಸುವುದು ಬೆಳೆದವನ ಧರ್ಮ. ನನ್ನ ವಿನಂತಿ ಇಷ್ಟೇ: ಹಾಗೆ ವಿಚಾರಿಸುವಾಗ, ಅಲ್ಲಿಯೂ ನಮ್ಮಂತೆಯೇ ಕಾಫಿಯನ್ನು ಒಣಗಿಸುವ ಕಣಗಳುಂಟು, ಸಾಲುಗಳ ನಡುವೆ ಕಾಳು ಬಿತ್ತಿ ಮಕ್ಕಳನ್ನು ಸಾಕಿದ ಮನೆಗಳುಂಟು ಎಂಬುದನ್ನು ಮರೆಯದಿರಬೇಕು. ನಮ್ಮ ಮಲೆನಾಡಿನ ಸಮೃದ್ಧಿಯ ಕೆಲವು ವರ್ಷಗಳ ಹಿಂದೆ ಅವರ ಒಂದು ಬೆಳಗಿನ ಜಾವವಿದೆ.

ಬ್ರೆಜಿಲ್ ತನ್ನ ಕಾಫಿಯನ್ನು ಬಿಡಲಿಲ್ಲ. ಹಿಮ ಅಪರೂಪವಾಗಿರುವ ಉತ್ತರದ ಕಡೆಗೆ, ಮಿನಾಸ್ ಜೆರೈಸ್‌ನ ಎತ್ತರದ ಬಯಲುಗಳಿಗೂ ಎಸ್ಪಿರಿಟೊ ಸಾಂಟೊವಿಗೂ ಅದನ್ನು ಸಾಗಿಸಿತು. ಇಂದು ಆ ದೇಶದ ಕಾಫಿಯಲ್ಲಿ ಪರಾನಾದ ಪಾಲು ತೀರ ಅಲ್ಪ. 2013ರ ಜುಲೈ 23ರಂದು ಕುರಿಟೀಬಾ ನಗರದ ಮೇಲೆ ಮತ್ತೊಮ್ಮೆ ಹಿಮ ಬಿದ್ದಿತು. 1975ರಲ್ಲಿ ಹಿಮ ಹಿಡಿದ ಮಕ್ಕಳು ತಮ್ಮ ಮೊಮ್ಮಕ್ಕಳನ್ನು ಕರೆದುಕೊಂಡು ಹೊರಗೆ ಬರುವ ವಯಸ್ಸಿನವರಾಗಿದ್ದರು. ಉತ್ತರದ ಕೆಂಪು ದಿಬ್ಬಗಳ ಮೇಲೆ ಆ ಚಳಿಗೆ ಸಿಕ್ಕಿದ ಬೆಳೆ ಬಹುಪಾಲು ಗೋಧಿ ಮತ್ತು ಮುಸುಕಿನ ಜೋಳ.